ಕಣ್ಣು ಕಂಡದ್ದು, ಡಿಎನ್‌ಎ ಹೇಳಿದ್ದು

ಚಿ. ಅನಘಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿನ್ನ ಅಮ್ಮ ಹೇಳಿರುತ್ತಾಳೆ, ಅದು ಬಿಡು. ಪತ್ರದ ಒಂದು ಸಾಲು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ಒಂದೇ ಸಮುದ್ರದ ನೀರು; ಸೂಕ್ಷ್ಮದರ್ಶಕದಡಿ ನಿನ್ನ ಎಣಿಕೆಯಲ್ಲಿ ಡಯಾಟಮ್ (ಗಾಜಿನಂಥ ಗೋಡೆಯ ಸೂಕ್ಷ್ಮ ಪಾಚಿ) ಹೆಚ್ಚು, ಡಿಎನ್‌ಎ ಓದಿ ಬಂದ ಸೀಕ್ವೆನ್ಸ್ ಪಟ್ಟಿಯಲ್ಲಿ ಡೈನೋಫ್ಲಾಜೆಲೇಟ್ (ಚಾವಟಿಯಂಥ ಬಾಲದ ಏಕಕೋಶ ಜೀವಿ) ಹೆಚ್ಚು. ‘ನನ್ನ ಕಣ್ಣನ್ನೇ ನಂಬಲಾರೆ’ ಎಂದು ಬರೆದಿದ್ದೀಯ.

ನೀನು ಎಣಿಸಿದ್ದು ಕೋಶಗಳನ್ನು ಮಗಳೇ, ಯಂತ್ರ ಎಣಿಸಿದ್ದು ಜೀವಿಯ ಗುರುತು ಹಿಡಿಯಲು ಬಳಸುವ 18ಎಸ್ ಜೀನಿನ ಪ್ರತಿಗಳನ್ನು. ಡೈನೋಫ್ಲಾಜೆಲೇಟಿನ ಒಂದೇ ಕೋಶದಲ್ಲಿ ಆ ಪ್ರತಿಗಳು ಸಾವಿರಗಟ್ಟಲೆ ಇರುತ್ತವೆ. ಪ್ರೈಮರ್, ಅಂದರೆ ಆ ಜೀನನ್ನು ಹಿಡಿಯುವ ಡಿಎನ್‌ಎ ತುಣುಕು, ಕೆಲವು ಗುಂಪುಗಳಿಗೆ ಚೆನ್ನಾಗಿ ಅಂಟುತ್ತದೆ, ಕೆಲವಕ್ಕೆ ಇಲ್ಲ. ಗಟ್ಟಿ ಗೋಡೆಯ ಕೋಶ ಒಡೆಯದಿದ್ದರೆ ಪಟ್ಟಿಗೇ ಬರುವುದಿಲ್ಲ. ಲೈಸಿಸ್ (ಕೋಶ ಒಡೆಯುವ) ವೇಳೆ ಗಾಜಿನ ಸಣ್ಣ ಮಣಿ ಹಾಕಿ ಕುಲುಕಿದೆಯಾ? ರೀಡ್‌ಗಳ (ಯಂತ್ರ ಓದಿದ ಡಿಎನ್‌ಎ ತುಣುಕುಗಳ) ಶೇಕಡಾವಾರನ್ನು ಕೋಶಗಳ ಶೇಕಡಾವಾರಿನ ಪಕ್ಕ ಇಟ್ಟರೆ ಕಣ್ಣಿನದೇ ತಪ್ಪು ಅನ್ನಿಸುವುದು ಸಹಜ.

ಹಾಗಂತ ಕಣ್ಣು ಎಲ್ಲವನ್ನೂ ಬಿಡಿಸುತ್ತದೆ ಅಂತಲೂ ಅಲ್ಲ. ನಮ್ಮ ಕಾಲದಲ್ಲಿ ಸ್ಕೆಲಿಟೊನೀಮಾ ಎಂಬ ಡಯಾಟಮ್ ಕುಲದ ಕೋಶಗಳ ಸರಪಣಿ ಕಂಡರೆ ಸಾಕು, ‘ಸ್ಕೆಲಿಟೊನೀಮಾ ಕೊಸ್ಟಾಟಮ್’ ಅಂತ ಬರೆಯುತ್ತಿದ್ದರು. 2005ರಲ್ಲಿ ಆ ಒಂದು ಹೆಸರಿನ ಅಡಿಯಿಂದ ಹಲವು ಪ್ರಭೇದಗಳು ಹೊರಬಂದವು. ಸ್ಯೂಡೊ-ನಿಟ್‌ಷಿಯಾ ಎಂಬ ಇನ್ನೊಂದು ಡಯಾಟಮ್ ಕುಲದಲ್ಲಿ ಪ್ರಭೇದ ಗುರುತಿಸಲು ಬೇಕಾದ, ಗೋಡೆಯ ಪಟ್ಟೆಯೊಳಗಿನ ರಂಧ್ರಗಳನ್ನು ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಆಗ ಫಾರ್ಮಲಿನ್‌ನಲ್ಲಿ ಇಟ್ಟ ಬಾಟಲಿಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ: ಆಕಾರ ಉಳಿದಿದೆ, ಡಿಎನ್‌ಎ ಮಾತ್ರ ತುಂಡುತುಂಡಾಗಿ ಪ್ರೋಟೀನಿಗೆ ಅಂಟಿಕೊಂಡಿದೆ.

ಅದಕ್ಕೇ, ಗೊತ್ತಿರುವುದನ್ನೇ ಹೇಳುತ್ತಿದ್ದರೆ ಬೇಸರಪಡಬೇಡ, ಒಂದೇ ಬಕೆಟ್ಟಿನ ನೀರನ್ನು ಕಲಕಿ ಎರಡು ಪಾಲು ಮಾಡು. ಒಂದಕ್ಕೆ ಲ್ಯೂಗಾಲ್ (ಅಯೋಡಿನ್ ದ್ರಾವಣ), ತೆಳು ಚಹಾದ ಬಣ್ಣ ಬರುವಷ್ಟು; ಕತ್ತಲಲ್ಲಿಡು, ಬಣ್ಣ ಮಾಸಿದರೆ ಮತ್ತೆ ಹನಿಸು. ಆಮ್ಲೀಯ ಲ್ಯೂಗಾಲ್ ಕಾಕೊಲಿತೊಫೋರ್ ಎಂಬ ಪಾಚಿಗಳ ಸುಣ್ಣದ ಬಿಲ್ಲೆಗಳನ್ನು ಕರಗಿಸಿಬಿಡುತ್ತದೆ, ಅವು ಬೇಕಿದ್ದರೆ ತಟಸ್ಥ ದ್ರಾವಣ ಬಳಸು. ಇನ್ನೊಂದು ಪಾಲನ್ನು 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ತಕ್ಷಣ −80 ಡಿಗ್ರಿಗೆ ಹಾಕು.

ಉಟರ್‌ಮೋಲ್ ಚೇಂಬರಿಗೆ (ಕೋಶಗಳನ್ನು ತಳಕ್ಕಿಳಿಸಿ ಎಣಿಸುವ ಪಾತ್ರೆಗೆ) ಸುರಿಯುವ ಮುಂಚೆ ಬಾಟಲಿ ಕೋಣೆಯ ತಾಪಕ್ಕೆ ಬರಲಿ, ಇಲ್ಲದಿದ್ದರೆ ಗುಳ್ಳೆ ಎದ್ದು ಕೋಶಗಳು ಒಂದು ಕಡೆ ಗುಂಪಾಗುತ್ತವೆ. ಎತ್ತರದ ಪ್ರತಿ ಸೆಂಟಿಮೀಟರಿಗೆ ಕನಿಷ್ಠ 4 ಗಂಟೆ ತಳಕ್ಕಿಳಿಯಲು ಬಿಡು. 400 ಕೋಶ ಎಣಿಸಿದರೆ ದೋಷ ಸುಮಾರು ಶೇ. 10. ನಾಲ್ಕೈದು ಕೋಶ ಕಂಡ ಪ್ರಭೇದದ ಮೇಲೆ ವಾದ ಕಟ್ಟಬೇಡ.

ಮತ್ತೆ ಅದೇ ಮಾತಿಗೆ ಬಂದೆ ನೋಡು. ಎರಡು ಪಟ್ಟಿಗಳು ಹೊಂದದ ಕಡೆ ಮೊದಲು ಹೆಸರುಗಳನ್ನು ನೋಡು. ನಿನ್ನ ಹಳೆಯ ಕೈಪಿಡಿಯ ಸಿರೇಷಿಯಂ ಎಂಬ ಸಮುದ್ರದ ಡೈನೋಫ್ಲಾಜೆಲೇಟ್‌ಗಳ ಹೆಸರು ಈಗ ಟ್ರೈಪಾಸ್. ಆಮೇಲೆ, ನಿನ್ನ ಪ್ರಭೇದದ ಸೀಕ್ವೆನ್ಸ್ ಆಕರ ಸಂಗ್ರಹದಲ್ಲಿ ಇದೆಯೋ ಇಲ್ಲವೋ ಹುಡುಕು. ಇಲ್ಲದಿದ್ದರೆ ಯಂತ್ರ ಹತ್ತಿರದ ನೆಂಟನ ಹೆಸರು ಕೊಡುತ್ತದೆ, ಅಥವಾ ಕುಲದ ಹೆಸರಿಗೇ ನಿಲ್ಲುತ್ತದೆ. ಅಂಥ ಕೋಶ ಸಿಕ್ಕರೆ ಒಂದನ್ನೇ ಪಿಪೆಟ್ಟಿನಲ್ಲಿ ಎತ್ತಿ, ಚಿತ್ರ ತೆಗೆದು, ಆಮೇಲೆ ಪಿಸಿಆರ್ (ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ಕ್ರಿಯೆ) ಮಾಡು. ಆಗ ಕಣ್ಣಿಗೂ ಡಿಎನ್‌ಎಗೂ ಒಂದೇ ಸಾಕ್ಷಿ ಇರುತ್ತದೆ.

ಅಂದಹಾಗೆ, ಹೊರಗಿನ ಡಿಎನ್‌ಎ ಬೆರೆತಿದೆಯೇ ಎಂದು ತಿಳಿಯಲು ಶುದ್ಧ ನೀರು ಸೋಸಿದ ಖಾಲಿ ಫಿಲ್ಟರಿನಲ್ಲಿ ಯಾವ ಸೀಕ್ವೆನ್ಸ್ ಬಂದವು ಅಂತ ನೀನು ಬರೆದೇ ಇಲ್ಲ. ಮುಂದಿನ ಪತ್ರದಲ್ಲಿ ಅದನ್ನೇ ಮೊದಲು ಬರೆ.

ನಿನ್ನ ದೊಡ್ಡಪ್ಪ