ತಮಾಷೆ ಸುದ್ದಿಯನ್ನು ಅರ್ಧಕ್ಕೇ ನಿಲ್ಲಿಸಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ನಮ್ಮ ದೇಶದ ಚುನಾವಣೆಗಳ ಚಿತ್ರವಿಚಿತ್ರ ಸಂಗತಿಗಳನ್ನು ಒಂದು ಬಾಕ್ಸಿನಲ್ಲಿ ಹಾಕಿದ್ದೀರಿ. ಓದಿ ನಕ್ಕೆ. ಇಂಥ ಬಾಕ್ಸುಗಳಲ್ಲಿ ಯಾವಾಗಲೂ ಆಸ್ಟ್ರೇಲಿಯಾ ಸೈನ್ಯ 1932ರಲ್ಲಿ ಎಮು ಹಕ್ಕಿಗಳ ಮುಂದೆ ಸೋತ ಕತೆಯೇ ಇರುತ್ತದೆ. ಈ ಸಲ ನಮ್ಮ ಮನೆ ಕಡೆಯೂ ತಿರುಗಿ ನೋಡಿದ್ದಕ್ಕೆ ಖುಷಿಯಾಯಿತು. ಆದರೆ ಒಂದು ತಕರಾರು ಇದೆ.

‘1996ರಲ್ಲಿ ತಮಿಳುನಾಡಿನ ಮೊಡಕುರಿಚಿ ಕ್ಷೇತ್ರದಲ್ಲಿ 1,033 ಅಭ್ಯರ್ಥಿಗಳು! ಮತಪತ್ರ ಪುಸ್ತಕದಷ್ಟು ದಪ್ಪ!’ ಎಂದು ಬರೆದು ಅಲ್ಲಿಗೇ ಬಿಟ್ಟಿದ್ದೀರಿ. ಓದಿದವರಿಗೆ ಏನನಿಸುತ್ತದೆ? ಆ ಊರಿನವರಿಗೆ ತಲೆ ಕೆಟ್ಟಿತ್ತು ಅಂತ, ಅಲ್ವಾ? ನಿಜ ಸಂಗತಿ ಉಲ್ಟಾ. ತಮ್ಮ ಬೇಡಿಕೆಗಳನ್ನು ಯಾರೂ ಕೇಳುತ್ತಿಲ್ಲ ಎಂದು ಸಿಟ್ಟಾದ ರೈತರು ಬೇಕೆಂತಲೇ ಸಾಲಾಗಿ ಹೋಗಿ ನಾಮಪತ್ರ ಹಾಕಿದ್ದರು. ಆಗ ವಿಧಾನಸಭೆಗೆ ನಿಲ್ಲಲು ಠೇವಣಿ ಬರೀ 250 ರೂಪಾಯಿ. ಅಷ್ಟು ಖರ್ಚಿನಲ್ಲಿ ಇಡೀ ಚುನಾವಣಾ ಆಯೋಗಕ್ಕೆ ಬೆವರಿಳಿಸಬಹುದು ಎಂದು ಅವರು ಲೆಕ್ಕ ಹಾಕಿದ್ದರು. ಲೆಕ್ಕ ಸರಿಯಾಗಿಯೇ ಇತ್ತು. ಗೆದ್ದವರು ಡಿಎಂಕೆಯ ಸುಬ್ಬುಲಕ್ಷ್ಮಿ ಜಗದೀಶನ್. 88 ಮಂದಿಗೆ ಒಂದು ವೋಟೂ ಬೀಳಲಿಲ್ಲ. ಅಂದರೆ ತಮ್ಮ ವೋಟೂ ತಮಗಿಲ್ಲ! ಅವರು ಗೆಲ್ಲಲು ನಿಂತವರೇ ಅಲ್ಲ.

ಅದೇ ವರ್ಷ ಆಂಧ್ರದ (ಈಗಿನ ತೆಲಂಗಾಣದ) ನಲ್ಗೊಂಡ ಲೋಕಸಭಾ ಕ್ಷೇತ್ರದಲ್ಲಿ 480 ಅಭ್ಯರ್ಥಿಗಳಿದ್ದರು. ಅಲ್ಲಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲು ಕಂದಾಗಿ, ಮೂಳೆ ಸೊಟ್ಟಗಾಗಿ, ಮಕ್ಕಳೇ ಮುದುಕರಂತೆ ಬಾಗಿ ನಡೆಯುವ ಊರುಗಳು ಅಲ್ಲಿದ್ದವು. ಕುಡಿಯಲು ಒಳ್ಳೆಯ ನೀರು ಕೊಡಿ ಎಂದು ಅರ್ಜಿ ಹಾಕಿ ಹಾಕಿ ಸಾಕಾದವರು ಕೊನೆಗೆ ಅರ್ಜಿಯ ಬದಲು ನಾಮಪತ್ರ ಹಾಕಿದರು. ಈ ವಿಷಯ ಗೊತ್ತಾದ ಮೇಲೆ ಆ 480 ಎಂಬ ಸಂಖ್ಯೆ ಬೇರೆಯದೇ ಥರ ಕಾಣುತ್ತದೆ.

ನಮ್ಮ ಬೆಳಗಾವಿಯನ್ನಂತೂ ನೀವು ಪೂರ್ತಿ ಮರೆತಿದ್ದೀರಿ! ಅಲ್ಲೂ 1996ರಲ್ಲೇ 456 ಅಭ್ಯರ್ಥಿಗಳು. ಗಡಿ ವಿವಾದವನ್ನು ದೆಹಲಿಯ ಕಿವಿಗೆ ಮುಟ್ಟಿಸಲು, ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆನ್ನುವ ಎಂಇಎಸ್‌ನವರು (ಮಹಾರಾಷ್ಟ್ರ ಏಕೀಕರಣ ಸಮಿತಿ) ಹೂಡಿದ ಉಪಾಯ ಅದು. ಅವರ ಬೇಡಿಕೆಯನ್ನು ನಾನು ಒಪ್ಪುವವನಲ್ಲ. ಬೆಳಗಾವಿ ನಮ್ಮದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಸ್ಸಿಗೆ ಕಲ್ಲು ಹೊಡೆಯುವುದಕ್ಕಿಂತ ನಾಮಪತ್ರ ಹಾಕುವುದು ಎಷ್ಟೋ ವಾಸಿ. ಕೊನೆಗೆ ಗೆದ್ದವರು ಜನತಾದಳದ ಶಿವಾನಂದ ಕೌಜಲಗಿ.

ಇದಕ್ಕೆ ದೆಹಲಿ ಕೊಟ್ಟ ಉತ್ತರ ಏನು ಗೊತ್ತೇ? ಅದೇ ವರ್ಷ ಕಾನೂನು ತಿದ್ದಿ ಲೋಕಸಭೆಯ ಠೇವಣಿಯನ್ನು 500ರಿಂದ 10,000 ರೂಪಾಯಿಗೆ ಏರಿಸಿತು. ಪಕ್ಷೇತರರಿಗೆ ಹತ್ತು ಮಂದಿ ಸೂಚಕರು ಬೇಕು ಎಂದಿತು. 1996ರ ಲೋಕಸಭಾ ಚುನಾವಣೆಯಲ್ಲಿ ದೇಶದಲ್ಲಿ 13,952 ಅಭ್ಯರ್ಥಿಗಳಿದ್ದರು. 1998ರಲ್ಲಿ 4,750ಕ್ಕೆ ಇಳಿದರು. ಬಡವನ ಸಿಟ್ಟಿಗೂ ರೇಟು ಕಟ್ಟಿದಂತಾಯಿತು. ಇಂದು ಲೋಕಸಭೆಗೆ ನಿಲ್ಲಲು 25,000 ರೂಪಾಯಿ ಇಡಬೇಕು. ಇಷ್ಟು ಸೊಗಸಾದ ದ್ವಿತೀಯಾರ್ಧವನ್ನು ನೀವು ಕತ್ತರಿಸಿ ಎಸೆದಿದ್ದೀರಲ್ಲ ಎಂಬುದೇ ನನ್ನ ತಕರಾರು.

ಇನ್ನೊಂದು ಸಾಲು ನನಗೆ ಸ್ವಲ್ಪ ಚುಚ್ಚಿತು. ಮೊದಲ ಮಹಾಚುನಾವಣೆಯಲ್ಲಿ ‘ನಾಚಿಕೊಂಡು ಹೆಸರು ಹೇಳದ’ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಟ್ಟರು ಎಂದು ನಗೆಯ ಧಾಟಿಯಲ್ಲಿ ಬರೆದಿದ್ದೀರಿ. ಬಾಗಿಲಿಗೆ ಬಂದ ಅಪರಿಚಿತ ಗಂಡಸಿಗೆ ಹೆಸರು ಹೇಳುವುದು ಆಗ ಉತ್ತರ ಭಾರತದ ಎಷ್ಟೋ ಕಡೆ ರೂಢಿಯಲ್ಲಿರಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದೇ ಬರೆಸಿದರು. ಸ್ವಂತ ಹೆಸರೇ ಬೇಕು ಎಂದು ಹಟ ಹಿಡಿದವರು ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಕಠಿಣ ನಿರ್ಧಾರ ನಿಜ, ಆದರೆ ಸರಿಯಾದ ನಿರ್ಧಾರ ಅಂತಲೇ ನನಗನಿಸುತ್ತದೆ. ಇದರಲ್ಲಿ ನಗುವಂಥದ್ದು ಏನಾದರೂ ಇದ್ದರೆ ಅದು ಆ ಹೆಂಗಸರದ್ದಂತೂ ಅಲ್ಲ.

ನಿಜವಾದ ತಮಾಷೆ ಬೇಕಿದ್ದರೆ ವಿ.ವಿ. ಗಿರಿಯವರ ಕತೆ ಹಾಕಿ. ಆಗ ಕೆಲವು ಕ್ಷೇತ್ರಗಳಿಂದ ಇಬ್ಬರು ಸಂಸದರು ಆಯ್ಕೆಯಾಗುತ್ತಿದ್ದರು, ಅದರಲ್ಲಿ ಒಂದು ಸ್ಥಾನ ಮೀಸಲು. 1957ರಲ್ಲಿ ಆಂಧ್ರದ ಪಾರ್ವತಿಪುರಂನಲ್ಲಿ ಗಿರಿಯವರು ಸಾಮಾನ್ಯ ಸ್ಥಾನದ ಆಸೆಯಿಂದ ನಿಂತರು. ಅದಾಗಲೇ ಕೇಂದ್ರದಲ್ಲಿ ಕಾರ್ಮಿಕ ಮಂತ್ರಿಯಾಗಿದ್ದವರು. ಆದರೆ ಅತಿ ಹೆಚ್ಚು ವೋಟು ಪಡೆದ ಇಬ್ಬರೂ ಪರಿಶಿಷ್ಟ ಪಂಗಡದವರು. ಒಬ್ಬರಿಗೆ ಮೀಸಲು ಸ್ಥಾನ, ಇನ್ನೊಬ್ಬರಿಗೆ ಸಾಮಾನ್ಯ ಸ್ಥಾನ. ಗಿರಿಯವರಿಗೆ ಮೂರನೇ ಜಾಗ, ಬರಿಗೈ. ಇದು ಹೇಗಾಯಿತು ಎಂದು ಸುಪ್ರೀಂ ಕೋರ್ಟಿನವರೆಗೂ ಹೋದರು. 1959ರಲ್ಲಿ ಅಲ್ಲೂ ಸೋತರು. ಇಂಥ ಜೋಡಿ ಕ್ಷೇತ್ರಗಳನ್ನು ಸರ್ಕಾರ 1961ರಲ್ಲಿ ರದ್ದು ಮಾಡಿತು.

ಗಿರಿಯವರ ಕತೆ ಅಲ್ಲಿಗೆ ಮುಗಿಯಲಿಲ್ಲ. ನಮ್ಮ ಮೈಸೂರು ರಾಜ್ಯಕ್ಕೂ ರಾಜ್ಯಪಾಲರಾಗಿ ಬಂದರು. 1969ರಲ್ಲಿ ಪಕ್ಷೇತರರಾಗಿ ನಿಂತು, ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿಯವರನ್ನೇ ಸೋಲಿಸಿ ರಾಷ್ಟ್ರಪತಿಯಾದರು. ಆ ಗೆಲುವಿನ ಮೇಲೂ ಕೇಸು ಬಿತ್ತು. ರಾಷ್ಟ್ರಪತಿಯೇ ಸುಪ್ರೀಂ ಕೋರ್ಟಿಗೆ ಹೋಗಿ ಸಾಕ್ಷಿ ಹೇಳಿದರು. ಈ ಸಲ ಗೆದ್ದರು.

ರಾಷ್ಟ್ರಪತಿ ಚುನಾವಣೆಯಲ್ಲೂ ನಗೆಗೆ ಬರವಿಲ್ಲ. 1967ರಲ್ಲಿ 17 ಮಂದಿ ನಿಂತಿದ್ದರು. ಒಂಬತ್ತು ಮಂದಿಗೆ ಸೊನ್ನೆ ವೋಟು. ನಾಮಪತ್ರಕ್ಕೆ ಒಬ್ಬ ಸೂಚಕ, ಒಬ್ಬ ಅನುಮೋದಕ ಬೇಕಿತ್ತು, ಇಬ್ಬರೂ ಆ ಚುನಾವಣೆಯಲ್ಲಿ ವೋಟು ಹಾಕುವ ಸಂಸದರೋ ಶಾಸಕರೋ ಆಗಿರಬೇಕಿತ್ತು. ಅಂದರೆ ಸಹಿ ಹಾಕಿಕೊಟ್ಟ ಮಹನೀಯರೂ ವೋಟು ಹಾಕಲಿಲ್ಲ!

ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದ ಒಂದೇ ವೋಟಿನ ಸೋಲನ್ನು ನೀವು ಹಾಕಿದ್ದು ಸರಿಯಾಗಿಯೇ ಇದೆ. 2004ರಲ್ಲಿ ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಕೃಷ್ಣಮೂರ್ತಿಯವರ ಕಾರಿನ ಚಾಲಕನಿಗೇ ಅಂದು ವೋಟು ಹಾಕಲು ಬಿಡುವಾಗಿರಲಿಲ್ಲ ಎಂದು ಆಮೇಲೆ ಸುದ್ದಿಯಾಯಿತು. ಇದಕ್ಕೂ ಒಂದು ಸಾಲು ಸೇರಿಸಬಹುದಿತ್ತು: ಅದೇ ಕೃಷ್ಣಮೂರ್ತಿಯವರು 2023ರಲ್ಲಿ ಕೊಳ್ಳೇಗಾಲದಿಂದ 59 ಸಾವಿರಕ್ಕೂ ಹೆಚ್ಚು ವೋಟುಗಳ ಅಂತರದಲ್ಲಿ ಗೆದ್ದರು.

ಬಾಕ್ಸಿನಲ್ಲಿ ಜಾಗ ಇರಲಿಲ್ಲ ಎನ್ನಬಹುದು. ಹಾಗಾದರೆ ಹತ್ತು ಸಂಗತಿ ತುರುಕುವ ಬದಲು ಮೂರೇ ಹಾಕಿ, ಪೂರ್ತಿ ಹಾಕಿ. ಬೆಳಗಾವಿಯಲ್ಲಿ ನಿಮ್ಮ ವರದಿಗಾರರು ಹೇಗೂ ಇದ್ದಾರೆ. ಆ 456 ಮಂದಿಯಲ್ಲಿ ಎಷ್ಟೋ ಜನ ಇನ್ನೂ ನಮ್ಮ ನಡುವೆ ಇರಬಹುದು. ಅಂದು ಪ್ರಚಾರಕ್ಕೆ ಹೋಗಿದ್ದರೇ, ಹೋಗಿ ಏನಂತ ವೋಟು ಕೇಳಿದರು, ಆ ರಾಶಿ ಹೆಸರುಗಳಲ್ಲಿ ತಮ್ಮದನ್ನು ಹುಡುಕಲು ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿಸಿ ಬರೆಸಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ಧಾರವಾಡ