ಇದ್ದದ್ದೂ ಹೋದೀತೆಂಬ ಭಯದ ಕುರಿತು

ಚಿ. ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸಮಾಚಾರವನ್ನೆಲ್ಲ ನಿನ್ನ ತಾಯಿ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದ ಕೊನೆಯ ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ. ಮೈಗ್ರೇನಿಗೆ ಶೇ. 10ರ ಅಂಗವೈಕಲ್ಯ ದರ ಕೊಟ್ಟಿದ್ದಾರೆ, ಅಪೀಲು ಹಾಕಿದರೆ ಫೈಲು ಮತ್ತೆ ತೆರೆದು ಇದ್ದದ್ದನ್ನೂ ಕಿತ್ತುಕೊಂಡಾರು, ಸುಮ್ಮನಿರುವುದೇ ವಾಸಿ ಎಂದು ಬರೆದಿದ್ದೀಯೆ. ಇದೇ ಮಾತನ್ನು ನಾನು ಹಿಂದೊಮ್ಮೆ, ಇನ್ನೊಬ್ಬ ಸೈನಿಕನ ಬಾಯಲ್ಲಿ ಕೇಳಿದ್ದೇನೆ.

ನಾನು ಭಾರತದ ಸೇನೆಯಲ್ಲಿ ಗುಮಾಸ್ತನಾಗಿದ್ದವನು, ನೀನು ಅಮೆರಿಕದ ಸೇನೆಯಲ್ಲಿ ದುಡಿದವನು. ಅಲ್ಲಿನ ಕಾನೂನಿನಲ್ಲಿ ತಲೆ ಹಾಕಲು ನನಗೇನು ಅಧಿಕಾರ ಎಂದು ನೀನು ಕೇಳಿದರೆ ಉತ್ತರವಿಲ್ಲ. ಆದರೂ ನೀನು ಕಳಿಸಿದ ತೀರ್ಪಿನ ಪ್ರತಿಯನ್ನೂ ಮಾಜಿ ಸೈನಿಕರನ್ನು ನೋಡಿಕೊಳ್ಳುವ ವೆಟರನ್ಸ್ ಅಫೇರ್ಸ್ ಇಲಾಖೆಯ ನಿಯಮಗಳನ್ನೂ ಮೊಮ್ಮಗಳ ಕಂಪ್ಯೂಟರಿನಲ್ಲಿ ಅಕ್ಷರ ದೊಡ್ಡದು ಮಾಡಿಸಿಕೊಂಡು ಓದಿದೆ. ಮೈಗ್ರೇನಿಗೆ 8100 ಎಂಬ ಸಂಕೇತ ಕೊಟ್ಟಿದ್ದಾರೆ. ಮೇಲೇಳಲಾಗದಂತೆ ಮಲಗಿಸಿಬಿಡುವ ನೋವು ಸರಾಸರಿ ಎರಡು ತಿಂಗಳಿಗೊಮ್ಮೆ ಬಂದರೆ ಶೇ. 10, ಹಿಂದಿನ ಹಲವು ತಿಂಗಳುಗಳಲ್ಲಿ ಸರಾಸರಿ ತಿಂಗಳಿಗೊಮ್ಮೆ ಬಂದಿದ್ದರೆ ಶೇ. 30, ಪದೇ ಪದೇ ಬಂದು ಬಹಳ ಹೊತ್ತು ನಿಂತು ದುಡಿಮೆಯನ್ನೇ ಕೆಡಿಸುವಂತಿದ್ದರೆ ಶೇ. 50, ಅದಕ್ಕಿಂತ ಮೇಲೆ ಆ ಸಂಕೇತದಲ್ಲಿ ಇಲ್ಲ. ತಿಂಗಳಿಗೆ ಎರಡು ಸಲ ಕಿಟಕಿಗೆ ಕಂಬಳಿ ಕಟ್ಟಿ ಮಲಗುತ್ತೇನೆಂದು ನೀನೇ ಬರೆದಿರುವಾಗ ಈ ಹತ್ತು ಎಲ್ಲಿಂದ ಬಂತೆಂದು ನನಗೆ ಅರ್ಥವಾಗಲಿಲ್ಲ.

ನಿನ್ನ ಭಯ ಪೂರ್ತಿ ಬುಡವಿಲ್ಲದ್ದೆಂದು ಹೇಳಲಾರೆ, ಏಕೆಂದರೆ ದರ ಇಳಿಸುವ ಅಧಿಕಾರ ಇಲಾಖೆಗೆ ಇದ್ದೇ ಇದೆ. ಆದರೆ ಈಗ ಕೈಗೆ ಬರುತ್ತಿರುವ ಹಣವನ್ನು ಕಡಿಮೆ ಮಾಡಬೇಕಾದರೆ ಅವರು ಮೊದಲು ಲಿಖಿತವಾಗಿ ತಿಳಿಸಿ, ಸಾಕ್ಷ್ಯ ಒದಗಿಸಲು ನಿನಗೆ 60 ದಿನ ಕೊಡಬೇಕು. ನಿನ್ನ ತಲೆನೋವು ಸೇವೆಯಿಂದಲೇ ಬಂದದ್ದೆಂದು ತೀರ್ಪಿನಲ್ಲಿ ಬರೆದಾಗಿದೆ. ಅದು ತಪ್ಪೆಂದು ತೋರಿಸುವ ಸ್ಪಷ್ಟವಾದ, ಬಲವಾದ ಸಾಕ್ಷ್ಯ ಇಲ್ಲದಿದ್ದರೆ ಮೇಲಿನವರೂ ಅದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಹಿರಿಯ ಅಧಿಕಾರಿಯಿಂದ ಮರುಪರಿಶೀಲನೆ ಕೇಳಿದರಂತೂ, ಬರೀ ಅಭಿಪ್ರಾಯಭೇದದ ಮೇಲೆ ಅವರು ನಿನಗೆ ಹೆಚ್ಚು ಕೊಡಬಹುದೇ ಹೊರತು ಕಡಿಮೆ ಮಾಡುವಂತಿಲ್ಲ. ಈ ವಾಕ್ಯವನ್ನು ನಾನು ಮತ್ತೆ ಮತ್ತೆ ಓದಿದೆ. ನಮ್ಮ ಕಡತಗಳಲ್ಲಿ ಇಂಥದೊಂದು ವಾಕ್ಯ ಆ ಕಾಲದಲ್ಲಿ ಇದ್ದಿದ್ದರೆ ಎಂದು ಅನ್ನಿಸಿತು.

ನಮ್ಮ ಯೂನಿಟ್ಟಿನಲ್ಲಿ ಹಾಸನದ ಕಡೆಯವನು, ನಾಯಕ್ ದರ್ಜೆಯ ಸೈನಿಕನೊಬ್ಬ ಇದ್ದ. ಸ್ಫೋಟಕಗಳ ತರಬೇತಿಯಲ್ಲಿ ಪೆಟ್ಟಾದ ಮೇಲೆ ಅವನಿಗೆ ತಲೆನೋವು ಶುರುವಾಯಿತು. ಮಧ್ಯಾಹ್ನದ ಹೊತ್ತು ನನ್ನ ಆಫೀಸಿಗೆ ಬಂದು, ಉಕ್ಕಿನ ಬೀರುವಿನ ತಣ್ಣನೆಯ ಬಾಗಿಲಿಗೆ ಹಣೆ ಒತ್ತಿಕೊಂಡು, ನನ್ನ ಟೈಪ್‌ರೈಟರ್ ನಿಲ್ಲಿಸಲು ಕೈಸನ್ನೆ ಮಾಡುತ್ತಿದ್ದ. ಬಿಡುಗಡೆಯ ವೇಳೆ ವೈದ್ಯಕೀಯ ಮಂಡಳಿಯವರು ಈ ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದು ಬರೆದರು. ನಾನು ಅವನಿಗಾಗಿ ಅಂಗವೈಕಲ್ಯ ಪಿಂಚಣಿ ಕೇಳಿ ಮೇಲ್ಮನವಿ ಟೈಪು ಮಾಡಿದೆ. ಅವನು ಸಹಿ ಹಾಕಲಿಲ್ಲ. ಸೇವಾ ಪಿಂಚಣಿಗೂ ಕುತ್ತು ಬಂದೀತೆಂದು ಅವನು ಹೆದರಿದ್ದ. ಸೇವಾ ಪಿಂಚಣಿ ದುಡಿದ ವರ್ಷಗಳ ಲೆಕ್ಕದ್ದು, ಅದಕ್ಕೂ ಈ ಮೇಲ್ಮನವಿಗೂ ಸಂಬಂಧವಿಲ್ಲವೆಂದು ನಾನು ಹೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ. ಮುಂದೆ 2009ರಲ್ಲಿ ಇಂಥ ದೂರುಗಳನ್ನು ಕೇಳುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಬಂತು. 2013ರಲ್ಲಿ ಸುಪ್ರೀಂ ಕೋರ್ಟು ಧರ್ಮವೀರ ಸಿಂಗ್ ಎಂಬ ಸಿಪಾಯಿಯ ಮೂರ್ಛೆರೋಗದ ಪ್ರಕರಣದಲ್ಲಿ, ಸೇನೆಗೆ ಸೇರುವಾಗ ದಾಖಲಾಗದ ಕಾಯಿಲೆ ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆನ್ನುವವರೇ ಅದನ್ನು ತೋರಿಸಬೇಕು ಎಂದು ಹೇಳಿತು. ಅಷ್ಟರಲ್ಲಿ ನಮ್ಮ ನಾಯಕ್ ತೀರಿಕೊಂಡಿದ್ದ. ಅವನ ಹಳ್ಳಿಗೇ ಹೋಗಿ ಇನ್ನೊಮ್ಮೆ ಕೇಳಬಹುದಿತ್ತಲ್ಲ ಎಂಬುದು ನನಗೆ ಇಂದಿಗೂ ಕಾಡುತ್ತದೆ.

ನಾನು ವಿಷಯ ಬಿಟ್ಟು ಎಲ್ಲಿಗೋ ಹೋದೆ, ಕ್ಷಮಿಸು. ತೀರ್ಪಿನ ಕಾಗದದ ದಿನಾಂಕದಿಂದ ಒಂದು ವರ್ಷ ನಿನಗಿದೆ. ಅಷ್ಟರೊಳಗೆ ಹೋದರೆ, ಗೆದ್ದಾಗ ಬಾಕಿ ಹಣ ಮೊದಲ ಅರ್ಜಿಯ ಕಾಲದಿಂದ ಸಿಗುವ ದಾರಿ ಉಳಿಯುತ್ತದೆ. ಹಿರಿಯ ಅಧಿಕಾರಿಯ ಪರಿಶೀಲನೆಗೆ ಹೊಸ ದಾಖಲೆ ಸೇರಿಸುವಂತಿಲ್ಲ. ನಿನ್ನ ಕಡತದಲ್ಲಿ ನೋವಿನ ದಿನಗಳ ಲೆಕ್ಕವೇ ಇಲ್ಲವಾದ್ದರಿಂದ, ಹೊಸ ಸಾಕ್ಷ್ಯದೊಡನೆ ಪೂರಕ ಅರ್ಜಿ ಹಾಕುವುದು ಮೇಲೆಂದು ನನಗೆ ತೋರುತ್ತದೆ. ಆದರೆ ಇದು ದೂರದಲ್ಲಿ ಕೂತ ಮುದುಕನ ಮಾತು. ಅಮೆರಿಕನ್ ಲೀಜನ್‌ನಂಥ ಮಾಜಿ ಸೈನಿಕರ ಸಂಘಗಳ ಮಾನ್ಯತೆ ಪಡೆದ ಪ್ರತಿನಿಧಿಗಳು ಹಣ ತೆಗೆದುಕೊಳ್ಳದೆ ಸಹಾಯ ಮಾಡುತ್ತಾರೆ, ಅವರಿಗೆ ಕಾಗದಗಳನ್ನು ತೋರಿಸಿ ಭಯವನ್ನೂ ಬಾಯಿಬಿಟ್ಟು ಹೇಳು. ಹೇಳದೆ ಒಳಗೇ ಇಟ್ಟುಕೊಂಡರೆ ಅದು ನಮ್ಮ ನಾಯಕ್‌ನ ಭಯದ ಹಾಗೆಯೇ ಬೆಳೆಯುತ್ತದೆ.

ದಿನಚರಿಯೊಂದನ್ನು ಇಂದೇ ಶುರುಮಾಡು. ನೋವು ಬಂದ ಗಂಟೆ, ಮಲಗಿದ್ದ ಹೊತ್ತು, ವಾಂತಿಯಾಯಿತೇ, ಕೆಲಸ ತಪ್ಪಿತೇ ಎಂಬಷ್ಟೇ ಸಾಕು, ವರ್ಣನೆ ಬೇಡ. ನಿನ್ನ ಹೆಂಡತಿ ತಾನು ಕಣ್ಣಾರೆ ಕಂಡದ್ದನ್ನು ಹೇಳಿಕೆಯಾಗಿ ಬರೆದುಕೊಡಬಹುದು, ಅದಕ್ಕೂ ಅಲ್ಲಿ ಬೆಲೆಯಿದೆ. ಕೆಲಸದಲ್ಲಿರುವವನಿಗೆ ಶೇ. 50 ಸಿಗದೆಂದು ಯಾರೋ ಅಂದರೆಂದು ಬರೆದಿದ್ದೀಯೆ. ನಿಯಮದ ‘ದುಡಿಮೆ ಕೆಡಿಸುವ’ ಎಂಬ ಮಾತಿಗೆ ದುಡಿಮೆ ಕೆಡಿಸಬಲ್ಲಂಥ ನೋವೂ ಒಳಪಡುತ್ತದೆ ಎಂಬುದು ಅಲ್ಲಿನ ನ್ಯಾಯಾಲಯದ 2004ರ ಪಿಯರ್ಸ್ ಪ್ರಕರಣದಲ್ಲಿ ಬಂದಿದೆ, ಪ್ರತಿನಿಧಿಯನ್ನು ಕೇಳು. ಕತ್ತು ನೋವು, ನಿದ್ದೆಗೇಡು ಇವು ತಲೆನೋವಿನಿಂದಲೇ ಬಂದವೆಂದಾದರೆ ಅವುಗಳಿಗೆ ಬೇರೆ ಅರ್ಜಿ, ಈ ಅಪೀಲಿನಲ್ಲಿ ಕಲಸಬೇಡ.

ಇಲಾಖೆಯವರು ವೈದ್ಯಕೀಯ ಪರೀಕ್ಷೆಗೆ ಕರೆದರೆ ತಪ್ಪಿಸಬೇಡ. ಅಲ್ಲಿ ನಮ್ಮ ಮನೆಯವರ ಅಭ್ಯಾಸದಂತೆ "ಪರವಾಗಿಲ್ಲ, ಸಹಿಸಿಕೊಳ್ಳುತ್ತೇನೆ" ಎನ್ನಬೇಡ. ಬಲು ಕೆಟ್ಟದಾಗಿ ಹೋದ ದಿನ ಹೇಗಿತ್ತೆಂದು ಹೇಳು. ತೀರ್ಪಿನ ಮೊದಲ ಪುಟ ನನಗೆ ಕಳಿಸಿದ ಪ್ರತಿಯಲ್ಲಿ ಮಸುಕಾಗಿದೆ, ದಿನಾಂಕ ಕಾಣುವುದಿಲ್ಲ. ಅದನ್ನು ನೋಡಿ ಕೂಡಲೇ ತಿಳಿಸು.

ಇಂತಿ ನಿನ್ನ
ದೊಡ್ಡಪ್ಪ