ಮೊಣಕಾಲಿನ ನೆಪದಲ್ಲಿ

ಪ್ರೀತಿಯ ದೋಸ್ತ,

ಮೊದಲು ಒಳ್ಳೆ ಸುದ್ದಿ. ಮೊನ್ನೆ ಸೋಮವಾರ ಬೆಳಗ್ಗೆ ಖುರ್ಚಿಯ ಕೈ ಹಿಡಿಯದೆ ಎದ್ದು ನಿಂತೆ. ಇಂಜೆಕ್ಷನ್ನಿನ ಬಲವಿಲ್ಲದೆ, ನಾಲ್ಕು ವರ್ಷದಲ್ಲಿ ಮೊದಲ ಸಲ. ಯಾರೂ ನೋಡಲಿಲ್ಲವಲ್ಲ ಅಂತ ಮತ್ತೆ ಕೂತೆ, ಮಗಳನ್ನು ಕೂಗಿ ಕರೆದೆ, ಇನ್ನೊಮ್ಮೆ ಎದ್ದು ತೋರಿಸಿದೆ. "ಅದ್ರಾಗೇನದ ಅಪ್ಪಾ, ಎಲ್ಲಾರೂ ಏಳ್ತಾರ" ಅಂದು ಒಳಗೆ ಹೋದಳು.

ನಿನಗಾದರೂ ಇದರ ಬೆಲೆ ತಿಳಿಯುತ್ತೆ ಅಂತ ಬರೀತಾ ಇದ್ದೀನಿ. ಕಾಗದದ ಮೇಲೆ ಬರೆದು ಡಬ್ಬಿಗೆ ಹಾಕಬಹುದಿತ್ತು. ಆದರೆ ನನ್ನ ಮೊಣಕಾಲು ಈಗ ಇಡೀ ವಿಜಯಪುರದ ಆಸ್ತಿ. ಸಂತೆಯಲ್ಲಿ ಬದನೆಕಾಯಿ ತೂಗುವವಳೂ "ಕಾಲ ಹ್ಯಾಂಗದ್ರಿ ಸರ" ಅಂತ ಕೇಳಿದ ಮೇಲೆಯೇ ತಕ್ಕಡಿ ಎತ್ತುತ್ತಾಳೆ. ಅದಕ್ಕೆ ನಾಲ್ಕು ಜನರ ಎದುರೇ ಬರೀತೀನಿ. ನೀನೊಬ್ಬನೇ ಓದ್ತಾ ಇದ್ದೀಯ ಅಂತ ಅಂದುಕೊಳ್ತೀನಿ. ಉಳಿದವರು ಓದಿದರೂ ಅಡ್ಡಿಯಿಲ್ಲ. ಕೆಂಪು ಕೊಡೆ ಅಂದರೇನು ಅಂತ ಮಾತ್ರ ಕೇಳಬೇಡಿ.

ಶುರುವಾದಾಗ ಏನೇನು ಮಾಡಿದೆ ಅನ್ನೋದು ನಿನಗೆ ಅರ್ಧ ಗೊತ್ತು. "ಗ್ರೀಸ್ ಖಾಲಿ ಆಗ್ಯಾದ" ಅಂತ ಎಲ್ಲರದೂ ಒಂದೇ ಮಾತು. ನಾನೇನು ಟ್ರ್ಯಾಕ್ಟರಾ? ಆದರೂ ಗ್ರೀಸ್ ತುಂಬುತ್ತೆ ಅಂತ ಗ್ಲುಕೋಸಮೈನ್ ಗುಳಿಗೆ ಆರು ತಿಂಗಳು ನುಂಗಿದೆ. ಮೊಣಕಾಲು ಇದ್ದ ಹಾಗೇ ಇತ್ತು, ಕಿಸೆ ಸವೆಯಿತು. ಅಯಸ್ಕಾಂತದ ಪಟ್ಟಿ ಸುತ್ತಿದೆ. ಅಂಗಡಿಯಲ್ಲಿ ಕೇಳಿ ತಂದ ನೋವಿನ ಗುಳಿಗೆಯನ್ನು ಶೇಂಗಾ ತಿಂದ ಹಾಗೆ ತಿಂದೆ. ನೋವು ಇಳಿಯಿತು, ಬಿಪಿ ಏರಿತು, ಹೊಟ್ಟೆಯಲ್ಲಿ ಬೆಂಕಿ. ಬದನೆಕಾಯಿ ವಾತ, ಬಿಟ್ಟುಬಿಡ್ರಿ ಅಂದರು ಯಾರೋ. ಎಣ್ಣೆಗಾಯಿ ಇಲ್ಲದೆ ನಡೆಯೋದಕ್ಕಿಂತ ಎಣ್ಣೆಗಾಯಿ ತಿಂದು ಕುಂಟೋದೇ ಲೇಸು ಅಂದೆ. ಆ ನಿರ್ಧಾರಕ್ಕೆ ಇವತ್ತೂ ಬದ್ಧನಾಗಿದ್ದೀನಿ.

ಮಧ್ಯೆ ಒಂದು ದೊಡ್ಡ ಆಸ್ಪತ್ರೆಯವರು ಸಣ್ಣ ತೂತು ಹಾಕಿ, ದುರ್ಬೀನು ಬಿಟ್ಟು, ಒಳಗೆಲ್ಲ ತೊಳೆದು ಕೊಡ್ತೀವಿ ಅಂದರು. ನಾನು ಹೂಂ ಅಂದಿದ್ದೆ. ದುಡ್ಡಿಗೆ ಎಫ್‌ಡಿ ಮುರಿಯೋ ಹಂತಕ್ಕೂ ಬಂದಿದ್ದೆ. ಸುಮ್ನೆ ಇನ್ನೊಬ್ಬರನ್ನು ಕೇಳೋಣ ಅಂತ ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆ. ಅವರು ಒಂದು ಕಥೆ ಹೇಳಿದರು. ಅಮೆರಿಕದ ಹ್ಯೂಸ್ಟನ್‌ನಲ್ಲಿ ನನ್ನಂಥ 180 ಜನರ ಮೇಲೆ ಒಂದು ಪರೀಕ್ಷೆ ಮಾಡಿದ್ದರಂತೆ, ಫಲಿತಾಂಶ 2002ರಲ್ಲಿ ಹೊರಬಂತಂತೆ. ಕೆಲವರಿಗೆ ನಿಜವಾದ ಆಪರೇಶನ್. ಕೆಲವರಿಗೆ ಬರೀ ಚರ್ಮ ಕೊಯ್ದು, ಒಳಗೆ ಏನೂ ಮಾಡದೆ ಹೊಲಿಗೆ. ಯಾರಿಗೆ ಯಾವುದು ಅಂತ ರೋಗಿಗಳಿಗೆ ಹೇಳಲಿಲ್ಲ. ಎರಡು ವರ್ಷ ನೋಡಿದರೂ ಇಬ್ಬರ ನೋವಿನಲ್ಲಿ ಫರಕೇ ಕಾಣಲಿಲ್ಲ. ಹೊಲಿಗೆ ಅಷ್ಟೇ ಹಾಕಿಸಿಕೊಂಡವರೂ ಆರಾಮಾಯಿತು ಅಂದರಂತೆ! ನಾನು ಜೋರಾಗಿ ನಕ್ಕೆ. ಆ ನಗು ಆಮೇಲೆ ನನಗೇ ತಿರುಗಿ ಬಂತು, ಅದನ್ನ ಮುಂದೆ ಹೇಳ್ತೀನಿ.

ಅದೇ ಡಾಕ್ಟರು ನನ್ನನ್ನು ನಿಲ್ಲಿಸಿ ಎಕ್ಸ್‌ರೇ ತೆಗೆಸಿದರು. ಮಲಗಿಸಿ ತೆಗೆದರೆ ಮೈಭಾರ ಬೀಳೋದಿಲ್ಲ, ಸಂದು ಎಷ್ಟು ಕಿರಿದಾಗಿದೆ ಅಂತ ಸರಿಯಾಗಿ ಕಾಣಲ್ಲ. ಫೋಟೋ ನೋಡಿ ನನಗೆ ಬೆವರು ಬಂತು. ಒಳಬದಿಯಲ್ಲಿ ಎಲುಬಿಗೆ ಎಲುಬು ಮುತ್ತು ಕೊಡ್ತಾ ಇತ್ತು. "ಫೋಟೋಕ್ಕ ಹೆದರಬ್ಯಾಡ್ರಿ. ಇದಕ್ಕಿಂತ ಕೆಟ್ಟ ಫೋಟೋ ಇದ್ದವರು ಸಿದ್ಧೇಶ್ವರ ಜಾತ್ರಿಯೊಳಗ ಅಡ್ಡಾಡ್ತಾರ" ಅಂದರು. ಸಂದಿನಲ್ಲಿ ಎಲುಬಿನ ತುದಿಗಿರೋ, ಸವೆಯೋ ಮೆತ್ತೆಗೆ ನರವೇ ಇಲ್ಲವಂತೆ. ನೋವು ಬರೋದು ಅದರ ಕೆಳಗಿನ ಎಲುಬಿನಿಂದ, ಸುತ್ತಲಿನ ಪೊರೆಯಿಂದ. ಅದಕ್ಕೇ ಫೋಟೋ ಒಂದು ಹೇಳುತ್ತೆ, ಕಾಲು ಇನ್ನೊಂದು. ಸವೆದದ್ದು ವಾಪಸು ಬೆಳೆಯಲ್ಲ. ಆದರೆ ತೊಡೆಯ ಮುಂದಿನ ಸ್ನಾಯು ಗಟ್ಟಿಯಾದರೆ ಸಂದಿನ ಮೇಲಿನ ಹೊರೆ ಅದು ಹೊರುತ್ತೆ.

ಅಷ್ಟೇ. ನಾಲ್ಕು ವರ್ಷ ಹುಡುಕಿದ ಮದ್ದು ಇಷ್ಟು ಸಪ್ಪೆ. ಖುರ್ಚಿ ಮೇಲೆ ಕೂತು ಕಾಲು ನೀಟಾಗಿ ಚಾಚಿ ಹತ್ತು ಎಣಿಸೋದು. ಮೊಣಕಾಲಿನ ಕೆಳಗೆ ಟವೆಲ್ ಸುತ್ತಿಟ್ಟು ಒತ್ತೋದು. ಕೂರೋದು, ಏಳೋದು, ಕೂರೋದು. ಮೊದಲ ಮೂರು ವಾರ ಫಿಸಿಯೋ ಹುಡುಗಿಗೆ ಮನಸ್ಸಿನಲ್ಲೇ ಬೈದೆ. "ನೋವಾದ್ರ ಕೆಟ್ಟೋಯ್ತು ಅಂತ ಅಲ್ರಿ ಅಂಕಲ್, ಮರುದಿನಕ್ಕ ಇಳದ್ರ ಸಾಕು" ಅಂತಿದ್ದಳು. ಎರಡು ತಿಂಗಳ ಮೇಲೆ ಅವಳ ಮಾತು ನಿಜವಾಯಿತು. ಗುಳಿಗೆ ಬದಲು ಡೈಕ್ಲೋಫೆನಾಕ್ ಜೆಲ್ ಹಚ್ಚುತ್ತೀನಿ. ಗೋಳಗುಮ್ಮಟದ ತೋಟದಲ್ಲಿ ಬೆಳಗ್ಗೆ ನಡೀತೀನಿ. ತೂಕ 86ರಿಂದ 80ಕ್ಕೆ ಬಂತು. ಮೈಯಿಂದ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕೆಜಿ ಹೊರೆ ಕಡಿಮೆಯಂತೆ. ಲೆಕ್ಕ ಹಾಕು, 24 ಕೆಜಿ. ಅರ್ಧ ಚೀಲ ಜೋಳ ಹೊತ್ತುಕೊಂಡು ಇಷ್ಟು ದಿನ ವಾಕಿಂಗ್ ಮಾಡ್ತಿದ್ದೆ ನಾನು.

ಕೋಲೂ ಹಿಡಿದಿದ್ದೀನಿ. ನಗಬೇಡ. ನೋಯೋದು ಬಲಗಾಲು, ಕೋಲು ಎಡಗೈಯಲ್ಲಿ. ನಾಲ್ಕು ವರ್ಷ ತಪ್ಪು ಕೈಯಲ್ಲಿ ಹಿಡಿದಿದ್ದೆ.

ಇಲ್ಲಿಗೆ ಪತ್ರ ಮುಗಿಸಬೇಕು ಅಂತಿದ್ದೆ.

ಆದರೆ ಹೋದ ವಾರ ಫಿಸಿಯೋ ಹುಡುಗಿ ಮೆಟ್ಟಿಲು ಹತ್ತಿಳಿಯೋದು ಕಲಿಸಿದಳು. ಅವಳ ಕೋಣೆಯಲ್ಲಿ ಕಟ್ಟಿಗೆಯ ಮೂರು ಮೆಟ್ಟಿಲಿವೆ, ಎಲ್ಲಿಗೂ ಹೋಗದ ಮೆಟ್ಟಿಲು. ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು. ನಾನು ಎಡಗೈ ಗೋಡೆಗೆ ಊರಿ, ಬಲಗಾಲು ಕೆಳಗಿಟ್ಟೆ. ಎಡಗಾಲು ಅದರ ಪಕ್ಕಕ್ಕೆ ತಂದೆ. ಮತ್ತೆ ಬಲಗಾಲು. ಎರಡನೇ ಮೆಟ್ಟಿಲಲ್ಲಿ ನಿಂತುಬಿಟ್ಟೆ. "ನೋಯ್ತದೇನ್ರಿ?" ಅಂದಳು. ಇಲ್ಲ ಅಂದೆ.

ನಿಮ್ಮ ಮನೆ ಕಟ್ಟೆಗೂ ಮೂರೇ ಮೆಟ್ಟಿಲಲ್ವಾ. ನಿಮ್ಮವ್ವ ಇಳಿಯುತ್ತಿದ್ದದ್ದು ನೆನಪಿದೆಯಾ? ಎಡಗೈ ಗೋಡೆಗೆ, ಬಲಗಾಲು ಮೊದಲು, ಎಡಗಾಲು ಪಕ್ಕಕ್ಕೆ, ಒಂದು ಉಸಿರು. ನಾವಿಬ್ಬರೂ ಹಿಂದೆ ನಿಂತು ಹಾಗೇ ಇಳಿದು ತೋರಿಸಿ ಬಿದ್ದು ಬಿದ್ದು ನಗುತ್ತಿದ್ದೆವು. ಅವಳು ತಿರುಗಿ ನೋಡಿ "ನಗ್ರಿ ನಗ್ರಿ, ನಿಮ್ಮ ಕಾಲೂ ಮುದುಕ ಆಗ್ತಾವ" ಅಂತ ಸೆರಗಿನಿಂದ ಹೊಡೆಯೋಳು. ಫೀಸು ಕೊಟ್ಟು ನಾನು ಕಲಿತದ್ದು ಅವಳಿಗೆ ಯಾರೂ ಹೇಳಿಕೊಡದೆ ಬಂದಿತ್ತು. ಅಣಕಿಸ್ತಾ ಅಣಕಿಸ್ತಾ ನಾನೂ ಆಗಲೇ ಕಲಿತಿದ್ದೆ, ಗೊತ್ತಿರಲಿಲ್ಲ.

ಈಗ ಇನ್ನೊಂದು ಹೇಳ್ತೀನಿ. ಇದು ಬರೆಯೋ ಉದ್ದೇಶ ಇರಲಿಲ್ಲ.

ಹೋದ ವರ್ಷ ಕಾರಹುಣ್ಣಿಮೆ ಮರುದಿನ ಬೆಳಗ್ಗೆ ನೀನು ಫೋನ್ ಮಾಡಿದೆ. ಅವ್ವ ಹೋದಳು, ಸಂಜೆ ನಾಲ್ಕಕ್ಕೆ ಮಣ್ಣು ಅಂದೆ. ನಾನು ಬಿಳಿ ಅಂಗಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಇದು ನಿನಗೆ ಗೊತ್ತಿಲ್ಲ. ಸಿಂದಗಿ ಬಸ್ಸು ನಿಂತಿತ್ತು. ಕಿಟಕಿ ಪಕ್ಕದ ಸೀಟೂ ಖಾಲಿ ಇತ್ತು. ಒಂದು ಚಾ ಕುಡಿದೆ. ಬಸ್ಸು ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು ನಿನಗೆ ಫೋನ್ ಮಾಡಿದೆ. "ಮೊಣಕಾಲು ಭಾಳ ತ್ರಾಸ ಕೊಡಾಕತ್ತದ. ಬಸ್ಸಿನ ಮೆಟ್ಟಲ ಹತ್ತಾಕ ಆಗವಲ್ದು" ಅಂದೆ.

ಅವತ್ತು ನನ್ನ ಮೊಣಕಾಲು ನೋಯ್ತಾ ಇರಲಿಲ್ಲ.

ಸಂದಿಗೆ ಸ್ಟೀರಾಯ್ಡ್ ಇಂಜೆಕ್ಷನ್ ತಗೊಂಡು ಹನ್ನೊಂದು ದಿನ ಆಗಿತ್ತು. ಅದು ಕೆಲವು ವಾರ ನೋವನ್ನು ಅಡಗಿಸಿ ಇಡುತ್ತೆ, ಆಮೇಲೆ ಬಿಡುತ್ತೆ. ಆ ಕೆಲವು ವಾರ ನನಗೆ ಇಪ್ಪತ್ತೈದರ ಕಾಲು. ಹಿಂದಿನ ದಿನವೇ ಅಕ್ಕನ ಊರಲ್ಲಿ ಕರಿ ಹರಿಯೋದು ನೋಡೋಕೆ ಎರಡು ತಾಸು ನಿಂತಿದ್ದೆ. ಎತ್ತು ಓಡಿದಾಗ ನಾನೂ ನಾಲ್ಕು ಹೆಜ್ಜೆ ಓಡಿದ್ದೆ.

ಅವ್ವನ ಮುಖ ನೋಡೋ ಧೈರ್ಯ ಇರಲಿಲ್ಲ ಅಂತ ಬರೆದರೆ ಚೆಂದ ಕಾಣುತ್ತೆ. ನಾಲ್ಕು ಜನ ಓದಿ ಕಣ್ಣೊರೆಸಿಕೊಳ್ತಾರೆ. ಆದರೆ ಅದಲ್ಲ. ಬ್ಯಾಸರ. ಬಿಸಿಲು, ಅಳು, ನೆಲದ ಮೇಲೆ ಕೂರೋದು, ರಾತ್ರಿ ವಾಪಸು ಬರೋ ಬಸ್ಸು. ಇಷ್ಟೇ. ಮೂರು ವರ್ಷದಿಂದ ಮೊಣಕಾಲು ಅಂದರೆ ಸಾಕು, ಎಲ್ಲರೂ "ಪಾಪ, ಬರಬ್ಯಾಡ್ರಿ" ಅಂತಿದ್ದರು. ಮದುವೆ, ಕುಬಸ, ತೊಟ್ಟಿಲು, ಯಾವುದಕ್ಕೂ ಹೋಗಬೇಕಿರಲಿಲ್ಲ. ಅದು ಕೈಗೆ ರೂಢಿಯಾಗಿತ್ತು. ಅವತ್ತೂ ಅದೇ ಕೈ ಅದೇ ಕಿಸೆಗೆ ಹೋಯಿತು. ಹ್ಯೂಸ್ಟನ್‌ನವರು ಸುಳ್ಳು ಆಪರೇಶನ್ ಮಾಡಿ ನೋವು ಇಳಿಸಿದರು ಅಂತ ನಕ್ಕೆನಲ್ಲ, ನಾನು ಇಂಜೆಕ್ಷನ್ ತಗೊಂಡೂ ನೋವು ಏರಿಸಿಕೊಂಡವನು.

ನೀನು ಫೋನಿನಲ್ಲಿ "ಇರಲಿ ಬಿಡಪಾ, ನಿನ್ನ ಕಾಲ ನೋಡ್ಕೊ" ಅಂದೆ. ಹಿಂದೆ ಹೆಂಗಸರ ಅಳು ಕೇಳ್ತಾ ಇತ್ತು. ಅದೂ ಸಾಲದು ಅಂತ ಎರಡು ವಾರದ ಮೇಲೆ ಹಾಲಿನ ಗಾಡಿಯವನ ಕೈಲಿ ಒಂದು ಬಾಟಲಿ ಕಳಿಸಿದೆ. ಅವ್ವ ಹಚ್ಚಿಕೊಳ್ತಿದ್ದ ಎಣ್ಣೆ, ಎಕ್ಕಿ ಎಲೆ ಹಾಕಿ ಕಾಯಿಸಿದ ಔಡಲೆಣ್ಣೆ, ಅರ್ಧ ಉಳಿದಿತ್ತು. "ಅವ್ವಗ ಆರಾಮ ಕೊಡ್ತಿತ್ತು, ನೀ ಹಚ್ಕೊ" ಅಂತ ಚೀಟಿ. ಎಲ್ಲಾ ಎಣ್ಣೆ ಹಚ್ಚಿ ನೋಡಿದವನು ನಾನು. ಅದೊಂದನ್ನು ಮುಚ್ಚಳ ತೆಗೆಯಲಿಲ್ಲ. ಪುಸ್ತಕದ ಕಪಾಟಿನಲ್ಲಿ ನಿಘಂಟಿನ ಹಿಂದೆ ಇದೆ. ಎಣ್ಣೆ ಜಿನುಗಿ ನಿಘಂಟಿನ ಬೆನ್ನಿಗೆ ಕಲೆ ಬಿದ್ದಿದೆ.

ಈಗ ಕಾಲು ಸುಧಾರಿಸ್ತಾ ಇದೆ. ಖುಷಿಯೇ. ಆದರೆ ಬೆಳಗ್ಗೆ ನಡೆಯುವಾಗ ಯಾರಾದರೂ "ಕಾಲ ಹ್ಯಾಂಗದ?" ಅಂದರೆ, ಆರಾಮದ ಅನ್ನೋಕೆ ಬಾಯಿ ಬರಲ್ಲ. "ಅದ ನೋಡ್ರಿ ಹಂಗ" ಅಂತ ಸ್ವಲ್ಪ ಕುಂಟಿ ತೋರಿಸ್ತೀನಿ. ಹೌದು, ಇನ್ನೂ.

ಸಾಕು. ಗೋಳಗುಮ್ಮಟದ ಮೇಲೆ ನಿಂತು ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆ ಕಡೆ ಕೂತವನಿಗೆ ಕೇಳುತ್ತೆ. ಅಲ್ಲಿ ಹೇಳಬಹುದಿತ್ತು. ಆದರೆ ಗೋಪುರದೊಳಗಿನ ಆ ಇಕ್ಕಟ್ಟು ಮೆಟ್ಟಿಲಿಗೆ ಫಿಸಿಯೋ ಹುಡುಗಿಯ ಪರ್ಮಿಶನ್ ಇನ್ನೂ ಸಿಕ್ಕಿಲ್ಲ. ನೋಡು, ಇದು ನಿಜವಾದ ಕಾರಣ. ಬೇಕಾದರೆ ಅವಳನ್ನೇ ಕೇಳು.

ಭಾನುವಾರ ಒಂಬತ್ತರ ಸಿಂದಗಿ ಬಸ್ಸಿಗೆ ಬರ್ತೀನಿ. ಬೈಯೋದಿದ್ದರೆ ರೊಟ್ಟಿ ಉಂಡ ಮೇಲೆ ಬೈ. ಎತ್ತರದ ಖುರ್ಚಿ ಇಡು, ಪ್ಲಾಸ್ಟಿಕ್ಕಿನದು ಬೇಡ, ಹೋದ ಸಲದ್ದು ಮರೆತಿಲ್ಲ ಅಲ್ವಾ. ಕಟ್ಟೆ ಹತ್ತುವಾಗ ಕೈ ಹಿಡಿಯೋಕೆ ಬರಬೇಡ. ಎಡಗಾಲು ಮೊದಲು, ನನಗೆ ಗೊತ್ತಿದೆ. ನಿನ್ನ ಕಾಲೂ ಈಗೀಗ ಕಟಕಟ ಅಂತಿದೆ, ರಾತ್ರಿ ನರಳ್ತೀಯ ಅಂತ ವೈನಿ ಫೋನಿನಲ್ಲಿ ಹೇಳಿದರು. ನೀನು ಹೇಳಲಿಲ್ಲ.

ಬಾಟಲಿ ತರ್ತೀನಿ. ಕೆಂಪು ಕೊಡೆ ತರಲ್ಲ.

ನಿನ್ನ,
ಒಂದೂವರೆ ಕಾಲಿನವ